ಬ್ರಿಟನ್ನಿನ ನರ್ಸ್ ನೋಂದಣಿ ನವೀಕರಣ: ಕಲಿತ 35 ಗಂಟೆಯನ್ನು ಲೆಕ್ಕಕ್ಕೆ ತರುವ ಬಗೆ

ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ (ಎನ್‌ಎಂಸಿ) ಕೊಡುವ ಪಿನ್, ಅಂದರೆ ನೋಂದಣಿ ಸಂಖ್ಯೆ, ಕೈಗೆ ಬಂದ ದಿನದಿಂದ ಮೂರು ವರ್ಷದ ಲೆಕ್ಕ ಶುರು. ಆ ಅವಧಿ ಮುಗಿಯುವ ಮುನ್ನ ರೀವ್ಯಾಲಿಡೇಶನ್, ಅಂದರೆ ನೋಂದಣಿ ನವೀಕರಣ, ಆಗಿರಬೇಕು. ಆಗದಿದ್ದರೆ ಎನ್‌ಎಂಸಿಯ ರಿಜಿಸ್ಟರ್‌ನಿಂದ ನಿಮ್ಮ ಹೆಸರು ಬಿಟ್ಟುಹೋಗುತ್ತದೆ, ಮತ್ತೆ ಸೇರುವ ತನಕ ಬ್ರಿಟನ್ನಿನಲ್ಲಿ ನರ್ಸ್ ಆಗಿ ಡ್ಯೂಟಿ ಮಾಡುವಂತಿಲ್ಲ. ಕೇಳಿದರೆ ಗಾಬರಿಯಾಗುವುದು ಸಹಜ. ಆದರೆ ಇದು ಪರೀಕ್ಷೆಯಲ್ಲ. ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯಂತೆ ಯಾರೂ ಪಕ್ಕದಲ್ಲಿ ನಿಂತು ಅಂಕ ಹಾಕುವುದಿಲ್ಲ. ಕರ್ನಾಟಕದಿಂದ ಹೋಗಿ ಅಲ್ಲಿ ದುಡಿಯುವ ನರ್ಸ್‌ಗಳು ಕಲಿಯುವುದರಲ್ಲಿ ಹಿಂದೆ ಬಿದ್ದವರಲ್ಲ. ಹೊಸ ಪಂಪ್, ಹೊಸ ಚಾರ್ಟ್, ಹೊಸ ಔಷಧಿ ಅಂತ ತಿಂಗಳಿಗೊಂದು ಕಲಿಯುತ್ತಲೇ ಇರುತ್ತಾರೆ. ಕಲಿತದ್ದನ್ನು ಬರೆದಿಡುವುದಿಲ್ಲ, ತೊಡಕು ಅಲ್ಲೇ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಬರೆದಿಡುವ ಕೆಲಸದ ಬಗ್ಗೆಯೇ.

ಈಗಿನ ಪದ್ಧತಿ ಜಾರಿಗೆ ಬಂದದ್ದು 2016ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಇದ್ದ ‘ಪ್ರೆಪ್’ ನಿಯಮದಲ್ಲೂ 450 ಗಂಟೆ ಕೆಲಸ, 35 ಗಂಟೆ ಕಲಿಕೆ ಇತ್ತು. ಆದರೆ ‘ಮಾಡಿದ್ದೇನೆ’ ಎಂದು ನಾವೇ ಘೋಷಿಸಿದರೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಈಗ ಇನ್ನೊಬ್ಬರ ಎದುರು ಕೂತು ತೋರಿಸಬೇಕು.

ಏನೇನು ಬೇಕು

ಮೂರು ವರ್ಷದಲ್ಲಿ 450 ಗಂಟೆ ವೃತ್ತಿ ಕೆಲಸ. ನರ್ಸ್ ಮತ್ತು ಮಿಡ್‌ವೈಫ್ ಎರಡೂ ನೋಂದಣಿ ಉಳಿಸಿಕೊಳ್ಳುವವರಿಗೆ 900 ಗಂಟೆ, ಒಂದೊಂದಕ್ಕೆ 450. ಕಲಿಕೆ, ಅಂದರೆ ಸಿಪಿಡಿ, 35 ಗಂಟೆ. ಅದರಲ್ಲಿ ಕನಿಷ್ಠ 20 ಗಂಟೆ ಪಾರ್ಟಿಸಿಪೇಟರಿ, ಅಂದರೆ ಇತರರೊಂದಿಗೆ ಸೇರಿ ಕಲಿತದ್ದು, ಆಗಿರಬೇಕು. ಕೆಲಸಕ್ಕೆ ಸಂಬಂಧಿಸಿದ ಐದು ಅಭಿಪ್ರಾಯಗಳು, ಐದು ರಿಫ್ಲೆಕ್ಟಿವ್ ಬರಹಗಳು (ಕಲಿತದ್ದರ ಬಗ್ಗೆ ಹಿಂತಿರುಗಿ ಯೋಚಿಸಿ ಬರೆದದ್ದು), ಆ ಬರಹಗಳ ಮೇಲೆ ಎನ್‌ಎಂಸಿ ನೋಂದಣಿ ಇರುವ ಇನ್ನೊಬ್ಬರೊಂದಿಗೆ ಒಂದು ಚರ್ಚೆ. ಆರೋಗ್ಯ ಮತ್ತು ನಡತೆಯ ಘೋಷಣೆ, ಇಂಡೆಮ್ನಿಟಿ (ಕೆಲಸದಲ್ಲಿ ಆದ ತಪ್ಪಿಗೆ ಪರಿಹಾರ ಭರಿಸುವ) ವಿಮೆಯ ಘೋಷಣೆ. ಕೊನೆಗೆ ಇದೆಲ್ಲವನ್ನೂ ನೋಡಿ ‘ಸರಿಯಿದೆ’ ಎನ್ನುವ ಕನ್ಫರ್ಮರ್ ಒಬ್ಬರು.

ಮೊದಲು ದಿನಾಂಕ

ಇವತ್ತೇ ಎನ್‌ಎಂಸಿ ಆನ್‌ಲೈನ್ ಖಾತೆಗೆ ಲಾಗಿನ್ ಆಗಿ ನಿಮ್ಮ ದಿನಾಂಕ ನೋಡಿ. ಅಲ್ಲಿ ಎರಡು ದಿನಾಂಕಗಳಿವೆ, ಇವನ್ನು ಒಂದೇ ಎಂದುಕೊಂಡು ಎಡವಿದವರು ಬಹಳ. ನೋಂದಣಿ ಮುಗಿಯುವುದು ತಿಂಗಳ ಕೊನೆಯ ದಿನ. ಅರ್ಜಿ ಸಲ್ಲಿಸಬೇಕಾದದ್ದು ಅದೇ ತಿಂಗಳ ಮೊದಲ ದಿನದೊಳಗೆ. ನೋಂದಣಿ ಸೆಪ್ಟೆಂಬರ್ 30ಕ್ಕೆ ಮುಗಿಯುವುದಾದರೆ ಅರ್ಜಿಯ ಗಡುವು ಸೆಪ್ಟೆಂಬರ್ 1. ‘ಇನ್ನೂ ಇಡೀ ಸೆಪ್ಟೆಂಬರ್ ಇದೆಯಲ್ಲ’ ಎಂದುಕೊಂಡರೆ ಒಂದು ತಿಂಗಳು ಆಗಲೇ ಕಳೆದಿರುತ್ತದೆ. ಗಡುವಿಗೆ 60 ದಿನ ಮೊದಲು ಆನ್‌ಲೈನ್ ಅರ್ಜಿ ತೆರೆದುಕೊಳ್ಳುತ್ತದೆ. ಈ ಉದಾಹರಣೆಯಲ್ಲಿ ಜುಲೈ ಮೊದಲ ವಾರದಲ್ಲಿ.

ಸೂಚನೆ ಇಮೇಲ್‌ನಲ್ಲಿ ಬರುತ್ತದೆ. ಬ್ರಿಟನ್ನಿಗೆ ಹೋದ ಹೊಸದರಲ್ಲಿ ಆಸ್ಪತ್ರೆ ಕೊಟ್ಟ ಇಮೇಲನ್ನೇ ಖಾತೆಗೆ ಕೊಟ್ಟು, ಎರಡು ವರ್ಷಕ್ಕೆ ಬೇರೆ ಟ್ರಸ್ಟ್‌ಗೆ (ಆಸ್ಪತ್ರೆ ನಡೆಸುವ ಸಂಸ್ಥೆಗೆ) ಹೋದರೆ ಆ ಇಮೇಲ್ ಮುಚ್ಚಿಹೋಗಿರುತ್ತದೆ, ಸೂಚನೆ ಯಾರಿಗೂ ತಲುಪುವುದಿಲ್ಲ. ನಿಮ್ಮ ಸ್ವಂತ ಇಮೇಲ್ ಮತ್ತು ಈಗಿನ ಮನೆ ವಿಳಾಸ ಖಾತೆಯಲ್ಲಿರಲಿ. ಮೊಬೈಲ್ ನಂಬರ್ ಬದಲಾಗಿದ್ದರೆ ಅದನ್ನೂ ಸರಿಪಡಿಸಿ. ಕೊನೆ ದಿನ ಲಾಗಿನ್ ಆಗಲು ಹೋಗಿ ಕೋಡ್ ಹಳೆಯ ನಂಬರಿಗೆ ಹೋದರೆ ಏನೂ ಮಾಡಲಾಗದು.

450 ಗಂಟೆ: ಇದು ಸುಲಭದ ಭಾಗ

ವಾರಕ್ಕೆ 37.5 ಗಂಟೆಯ ಪೂರ್ಣಾವಧಿ ಕೆಲಸವಾದರೆ 450 ಗಂಟೆಗೆ 12 ವಾರ ಸಾಕು. ಲಾಂಗ್ ಡೇ ಶಿಫ್ಟ್‌ನಲ್ಲಿ ಬಿಡುವು ಕಳೆದು 11.5 ಗಂಟೆ ಸಿಗುವುದಾದರೆ 40 ಶಿಫ್ಟ್. ಪೂರ್ಣಾವಧಿಯವರು ಇದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ರೀತಿಯ ಕೆಲಸ ಎಂದು ನಾಲ್ಕು ಸಾಲು ಬರೆದು, ಆಧಾರಕ್ಕೆ ಪೇ ಸ್ಲಿಪ್ ಅಥವಾ ರೋಸ್ಟರ್ ಪ್ರತಿ ಇಟ್ಟುಕೊಂಡರೆ ಆಯಿತು.

ನರ್ಸ್ ಆಗಿ ನಿಮ್ಮ ಜ್ಞಾನ, ಕೌಶಲ ಬಳಸಿ ಮಾಡಿದ ಕೆಲಸವಷ್ಟೇ ಇಲ್ಲಿ ಎಣಿಕೆಗೆ ಬರುತ್ತದೆ ಎಂಬುದು ನೆನಪಿರಲಿ. ಪಿನ್ ಬರುವ ಮುಂಚೆ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿ ಮಾಡಿದ ತಿಂಗಳುಗಳು ಬರುವುದಿಲ್ಲ. ವಾರ್ಡ್ ಮ್ಯಾನೇಜ್‌ಮೆಂಟ್, ವಿದ್ಯಾರ್ಥಿಗಳಿಗೆ ಪಾಠ, ಆಡಿಟ್ ಇವು ಬರುತ್ತವೆ. ರೋಗಿಯ ಹಾಸಿಗೆ ಪಕ್ಕದಲ್ಲೇ ಇರಬೇಕೆಂದಿಲ್ಲ. ಹೆರಿಗೆ ರಜೆ, ದೀರ್ಘ ಅನಾರೋಗ್ಯದ ರಜೆಯ ಗಂಟೆಗಳು ಬರುವುದಿಲ್ಲ, ಆದರೆ 450ರ ಸಂಖ್ಯೆಯೂ ಇಳಿಯುವುದಿಲ್ಲ. ಮೂರು ವರ್ಷದಲ್ಲಿ ಒಂದು ವರ್ಷ ಹೆರಿಗೆ ರಜೆಯಲ್ಲಿ ಹೋದರೂ ಉಳಿದ ಎರಡು ವರ್ಷದಲ್ಲಿ ಪಾರ್ಟ್‌ಟೈಮ್ ದುಡಿದವರಿಗೂ ಸಾಮಾನ್ಯವಾಗಿ ದಾಟಿಬಿಡುತ್ತದೆ. ತಿಂಗಳಿಗೆ ಎರಡೇ ಬ್ಯಾಂಕ್ ಶಿಫ್ಟ್ (ಬೇಕಾದಾಗ ಮಾತ್ರ ಕರೆಸಿಕೊಳ್ಳುವ ಶಿಫ್ಟ್) ಮಾಡುವವರು ಮಾತ್ರ ಲೆಕ್ಕ ಹಾಕಿ ನೋಡಬೇಕು. ನಡುವೆ ಊರಿಗೆ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರೆ, ಆ ಅವಧಿಯಲ್ಲಿ ಇಲ್ಲಿನ ಕೌನ್ಸಿಲ್‌ನ ನೋಂದಣಿಯೂ ಜೀವಂತವಿದ್ದರೆ, ಆ ಗಂಟೆಗಳನ್ನೂ ಬರೆಯಬಹುದು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಕೈಬಿಟ್ಟವರು ಇದನ್ನೊಮ್ಮೆ ಯೋಚಿಸಬೇಕು.

35 ಗಂಟೆ: ತಿಂಗಳಿಗೊಂದು ಗಂಟೆ

ಮೂರು ವರ್ಷ ಅಂದರೆ 36 ತಿಂಗಳು. ತಿಂಗಳಿಗೆ ಒಂದು ಗಂಟೆ ಕಲಿತು ಬರೆದರೆ 35 ದಾಟಿತು. ಹೀಗೆ ನೋಡಿದರೆ ಭಾರವೇ ಅಲ್ಲ. ಆದರೆ ಹೆಚ್ಚಿನವರು ಕೊನೆಯ ಎರಡು ತಿಂಗಳಲ್ಲಿ ಎದ್ದುಬಿದ್ದು ಕೂತು ರಾತ್ರಿಯೆಲ್ಲ ಈ-ಲರ್ನಿಂಗ್ ಮಾಡುತ್ತಾರೆ. ಹೀಗೆ ಮಾಡಿದರೆ ಕೈಕೊಡುವುದು ಪಾರ್ಟಿಸಿಪೇಟರಿ ಗಂಟೆಗಳು. ಒಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತು 60 ಗಂಟೆ ಕೋರ್ಸ್ ಮಾಡಿದರೂ ಪಾರ್ಟಿಸಿಪೇಟರಿ ಸೊನ್ನೆಯೇ. 35ರಲ್ಲಿ ಒಂಟಿ ಕಲಿಕೆಗೆ ಇರುವ ಜಾಗ 15 ಗಂಟೆ ಮಾತ್ರ.

ಪಾರ್ಟಿಸಿಪೇಟರಿ ಅಂದರೆ ಇತರರೊಂದಿಗೆ ಮಾತುಕತೆ ಇರುವ ಕಲಿಕೆ. ಒಂದೇ ಕೋಣೆಯಲ್ಲಿ ಇರಬೇಕೆಂದಿಲ್ಲ. ನೇರಪ್ರಸಾರದ ವೆಬಿನಾರ್‌ನಲ್ಲಿ ಪ್ರಶ್ನೆ ಕೇಳಿ ಚರ್ಚೆಯಲ್ಲಿ ಪಾಲ್ಗೊಂಡರೆ ಅದು ಪಾರ್ಟಿಸಿಪೇಟರಿ. ಅದೇ ವೆಬಿನಾರ್‌ನ ರೆಕಾರ್ಡಿಂಗ್ ನೋಡಿದರೆ ಅಲ್ಲ. ವಾರ್ಡಿನ ಟೀಚಿಂಗ್, ಸಿಮ್ಯುಲೇಶನ್, ಜರ್ನಲ್ ಕ್ಲಬ್, ಕ್ಲಿನಿಕಲ್ ಸೂಪರ್‌ವಿಶನ್, ತಂಡವಾಗಿ ಮಾಡಿದ ಆಡಿಟ್, ಸ್ಪೆಷಲಿಸ್ಟ್ ನರ್ಸ್ ಜೊತೆ ಒಂದು ದಿನ ಓಡಾಡಿ ನೋಡಿದ್ದು ಇವೆಲ್ಲ ಸಲ್ಲುತ್ತವೆ. ಕಲಿಯುವವರಾಗಿ ಮಾತ್ರವಲ್ಲ, ಕಿರಿಯರಿಗೆ ಕೋಚಿಂಗ್ ಕೊಟ್ಟದ್ದೂ ಸಲ್ಲುತ್ತದೆ. ಹೊಸಬರಿಗೆ ಹಿರಿಯರು ಜೊತೆಯಲ್ಲಿದ್ದು ಕಲಿಸುವ ಪ್ರಿಸೆಪ್ಟರ್‌ಶಿಪ್ ದಿನಗಳು ದೊಡ್ಡ ಬಂಡವಾಳ. ಆ ಒಂದು ವರ್ಷದ ಸ್ಟಡಿ ಡೇಗಳನ್ನು ಬರೆದಿಟ್ಟವರಿಗೆ 20 ಗಂಟೆಯಲ್ಲಿ ಬಹುಪಾಲು ಅಲ್ಲೇ ಮುಗಿದಿರುತ್ತದೆ. ಪಿನ್‌ಗೂ ಮುಂಚಿನ ಆಸ್ಕಿ ತಯಾರಿಯನ್ನು ಮಾತ್ರ ಸೇರಿಸುವಂತಿಲ್ಲ. ಈ ಮೂರು ವರ್ಷದ ಅವಧಿಯೊಳಗೆ ಕಲಿತದ್ದೇ ಆಗಬೇಕು.

ಕಡ್ಡಾಯ ತರಬೇತಿಯ ಬಗ್ಗೆ ಗೊಂದಲ ಬಹಳ. ನಿಯಮ ಹೇಳುವುದು ಇಷ್ಟೇ: ನಿಮ್ಮ ವೃತ್ತಿ ಕೆಲಸಕ್ಕೆ ನೇರ ಸಂಬಂಧವಿಲ್ಲದ ಕಡ್ಡಾಯ ತರಬೇತಿಯನ್ನು ಸೇರಿಸಬಾರದು. ಬೆಂಕಿ ಸುರಕ್ಷತೆಯ ತರಬೇತಿ ಇದಕ್ಕೆ ಉದಾಹರಣೆ. ಅದೇ ನಿಮ್ಮ ರೋಗಿಗಳ ಆರೈಕೆಗೆ ಬೇಕಾದ ತರಬೇತಿಯಾದರೆ ಸೇರಿಸಬಹುದು. ವರ್ಷವರ್ಷ ಅದೇ ಲೈಫ್ ಸಪೋರ್ಟ್ ತರಗತಿಯಿಂದಲೇ 35 ಗಂಟೆ ತುಂಬಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ನಿಯಮದ ಪ್ರಕಾರ ತಪ್ಪಿಲ್ಲದಿರಬಹುದು, ಆದರೆ ಮೂರು ವರ್ಷದಲ್ಲಿ ನೀವೇನು ಬೆಳೆದಿರಿ ಎಂದು ಕನ್ಫರ್ಮರ್ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಕಲಿಕೆ ನೀವೀಗ ಮಾಡುತ್ತಿರುವ ಕೆಲಸಕ್ಕೆ ಹೊಂದಬೇಕು. ಡಯಾಲಿಸಿಸ್ ಘಟಕದಲ್ಲಿರುವವರು ಉಚಿತವಾಗಿ ಸಿಕ್ಕಿತೆಂದು ನವಜಾತ ಶಿಶುವಿನ ಕೋರ್ಸ್ ಮಾಡಿದರೆ, ‘ಇದು ನಿಮ್ಮ ಕೆಲಸಕ್ಕೆ ಹೇಗೆ ಸಂಬಂಧಿಸಿದೆ’ ಎಂಬ ಕಲಮಿನಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಎನ್‌ಎಂಸಿ ಇಂಥದೇ ಕೋರ್ಸ್ ಎಂದು ಪಟ್ಟಿ ಕೊಟ್ಟಿಲ್ಲ, ದುಬಾರಿ ಶುಲ್ಕದ ಕೋರ್ಸೇ ಆಗಬೇಕೆಂದೂ ಇಲ್ಲ. ‘ರೀವ್ಯಾಲಿಡೇಶನ್ ಪ್ಯಾಕೇಜ್’ ಎಂದು ಮಾರಾಟಕ್ಕೆ ಬರುವುದನ್ನು ಕೊಳ್ಳುವ ಮೊದಲು, ನಿಮ್ಮ ವಾರ್ಡಿನ ಪ್ರಾಕ್ಟೀಸ್ ಎಜುಕೇಟರ್ ಬಳಿ ವರ್ಷದ ಟೀಚಿಂಗ್ ಪಟ್ಟಿ ಕೇಳಿ. ಅದಕ್ಕೆ ಹಣ ಕೊಡಬೇಕಿಲ್ಲ.

ಒಂದು ನಮೂದು ಹೀಗಿರಲಿ

ಪ್ರತಿ ಕಲಿಕೆಗೂ ಬರೆಯಬೇಕಾದ್ದು: ಯಾವ ವಿಧಾನ, ಯಾವ ವಿಷಯ, ದಿನಾಂಕ, ಒಟ್ಟು ಗಂಟೆ, ಅದರಲ್ಲಿ ಪಾರ್ಟಿಸಿಪೇಟರಿ ಎಷ್ಟು, ನಿಮ್ಮ ಕೆಲಸಕ್ಕೆ ಹೇಗೆ ಸಂಬಂಧ, ಎನ್‌ಎಂಸಿ ಕೋಡ್‌ನ (ವೃತ್ತಿ ನಡತೆಯ ನಿಯಮಗಳ) ಯಾವ ಭಾಗಕ್ಕೆ ಸೇರುತ್ತದೆ, ಜೊತೆಗೆ ಏನಾದರೊಂದು ಆಧಾರ. ಹಾಳೆಯನ್ನು ಇಂಗ್ಲಿಷಿನಲ್ಲೇ ಇಡಬೇಕು. ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಒಂದು ಮಾದರಿ.

ಮಾರ್ಚ್ 11. ಶ್ವಾಸಕೋಶ ವಿಭಾಗದ ಸ್ಪೆಷಲಿಸ್ಟ್ ನರ್ಸ್ ವಾರ್ಡಿನಲ್ಲಿ ನಡೆಸಿದ ತರಗತಿ, ಆರು ಮಂದಿ, ಕೇಸ್ ಚರ್ಚೆ ಸಹಿತ. 2 ಗಂಟೆ, ಎರಡೂ ಪಾರ್ಟಿಸಿಪೇಟರಿ. ವಿಷಯ: ನ್ಯೂಸ್2 ಚಾರ್ಟ್‌ನಲ್ಲಿ (ರೋಗಿಯ ಸ್ಥಿತಿ ಕೆಡುವುದನ್ನು ಅಂಕದಲ್ಲಿ ತೋರಿಸುವ ಚಾರ್ಟ್) ಆಕ್ಸಿಜನ್ ಸ್ಯಾಚುರೇಶನ್‌ನ ಸ್ಕೇಲ್ 2 ಬಳಕೆ. ಸಂಬಂಧ: ನಮ್ಮ ಮೆಡಿಕಲ್ ವಾರ್ಡಿನಲ್ಲಿ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳು ಹೆಚ್ಚು, ಅವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಅಪಾಯ ಇರುವವರಿಗೆ ಗುರಿ 88ರಿಂದ 92 ಶೇಕಡಾ. ಕೋಡ್: ಪರಿಣಾಮಕಾರಿ ಕೆಲಸ, ಸುರಕ್ಷತೆ ಕಾಪಾಡುವುದು. ಆಧಾರ: ತರಗತಿಯ ಕರಪತ್ರ, ಎಜುಕೇಟರ್ ಸಹಿ.

ಇಷ್ಟೇ. ಐದು ನಿಮಿಷದ ಕೆಲಸ. ‘ನ್ಯೂಸ್2 ತರಬೇತಿ, 2 ಗಂಟೆ, ಚೆನ್ನಾಗಿತ್ತು’ ಎಂದು ಬರೆದ ಹಾಳೆಯ ಜೊತೆ ಇದನ್ನು ಇಟ್ಟು ನೋಡಿ, ಎರಡು ವರ್ಷದ ನಂತರ ಯಾವುದು ನಿಮಗೆ ನೆನಪು ತರುತ್ತದೆ ಎಂದು.

ಇಡೀ ದಿನದ ಕಾರ್ಯಾಗಾರವಾದರೆ ಊಟ, ಟೀ ಬಿಡುವು ಕಳೆದು ಗಂಟೆ ಬರೆಯಿರಿ. ಬೆಳಿಗ್ಗೆ 9ರಿಂದ ಸಂಜೆ 4.30ರ ತನಕ ನಡೆದು, ಊಟಕ್ಕೆ ಒಂದು ಗಂಟೆ, ಟೀಗೆ ಎರಡು ಸಲ ಕಾಲು ಗಂಟೆ ಹೋದರೆ ಉಳಿಯುವುದು 6 ಗಂಟೆ. ಸರ್ಟಿಫಿಕೇಟ್ ಕೊಡದ ವಾರ್ಡ್ ಟೀಚಿಂಗ್‌ಗೆ ಅಲ್ಲೇ ಒಂದು ಹಾಳೆಯಲ್ಲಿ ವಿಷಯ, ದಿನಾಂಕ, ಅವಧಿ ಬರೆದು ಪಾಠ ಮಾಡಿದವರ ಸಹಿ ಹಾಕಿಸಿಕೊಳ್ಳಿ. ಟ್ರಸ್ಟ್‌ನ ಈ-ಲರ್ನಿಂಗ್ ಖಾತೆಯಲ್ಲಿರುವ ಸರ್ಟಿಫಿಕೇಟ್‌ಗಳನ್ನು ಕೆಲಸ ಬಿಡುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಿಟ್ಟ ಮೇಲೆ ಲಾಗಿನ್ ನಿಂತುಹೋಗಿರುತ್ತದೆ, ಮಾಡಿದ ಕಲಿಕೆಗೆ ಆಧಾರವೇ ಇಲ್ಲದಾಗುತ್ತದೆ.

ಐದು ಅಭಿಪ್ರಾಯ

ರೋಗಿ, ಅವರ ಮನೆಯವರು, ವಿದ್ಯಾರ್ಥಿ, ಸಹೋದ್ಯೋಗಿ, ಮ್ಯಾನೇಜರ್, ಯಾರ ಮಾತೂ ಆದೀತು. ಬಾಯಿಮಾತೂ ಆದೀತು. ವರ್ಷದ ಅಪ್ರೈಸಲ್‌ನಲ್ಲಿ ಬಂದ ಮಾತು, ಇಡೀ ವಾರ್ಡಿನ ಬಗ್ಗೆ ಬಂದ ದೂರು ಅಥವಾ ಮೆಚ್ಚುಗೆಯಲ್ಲಿ ನಿಮ್ಮ ಪಾಲು ಇದ್ದರೆ ಅದೂ ಸಲ್ಲುತ್ತದೆ. ಹೊಗಳಿಕೆಯೇ ಬೇಕೆಂದಿಲ್ಲ. ‘ನೀವು ವೇಗವಾಗಿ ಮಾತಾಡುತ್ತೀರಿ, ಔಷಧಿ ವಿವರ ನನಗೆ ಅರ್ಥವಾಗಲಿಲ್ಲ’ ಎಂಬ ವೃದ್ಧ ರೋಗಿಯ ಮಾತು ಹತ್ತು ಥ್ಯಾಂಕ್ಯೂ ಕಾರ್ಡ್‌ಗಳಿಗಿಂತ ಬೆಲೆಯುಳ್ಳದ್ದು. ಅದರ ಮೇಲೆ ಒಳ್ಳೆಯ ರಿಫ್ಲೆಕ್ಟಿವ್ ಬರಹ ಬರುತ್ತದೆ.

ಥ್ಯಾಂಕ್ಯೂ ಕಾರ್ಡಿನ ಫೋಟೋ ತೆಗೆದು ಪೋರ್ಟ್‌ಫೋಲಿಯೊದಲ್ಲಿ ಹಾಕುವ ಅಭ್ಯಾಸ ಬಿಡಿ. ಅದರಲ್ಲಿ ರೋಗಿಯ ಹೆಸರಿರುತ್ತದೆ. ಯಾವ ದಾಖಲೆಯಲ್ಲೂ ರೋಗಿಯನ್ನಾಗಲಿ ಸಹೋದ್ಯೋಗಿಯನ್ನಾಗಲಿ ಗುರುತಿಸುವಂಥ ವಿವರ ಇರಬಾರದು. ಹೆಸರು ತೆಗೆದು ‘ರೋಗಿ ಎ’ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ‘ಮೂರನೇ ಬೇ, ಎರಡನೇ ಬೆಡ್, ಮಾರ್ಚ್ 14ರ ನೈಟ್’ ಎಂದು ಜೊತೆಗೆ ಬರೆದರೆ ಆ ವಾರ್ಡಿನ ಯಾರಿಗಾದರೂ ಗುರುತು ಸಿಗುತ್ತದೆ. ‘ವಯಸ್ಸಾದ ರೋಗಿಯೊಬ್ಬರು, ಡಿಸ್ಚಾರ್ಜ್ ದಿನ’ ಎಂದರೆ ಸಾಕು.

ರಿಫ್ಲೆಕ್ಟಿವ್ ಬರಹ: ಎಲ್ಲರೂ ತಡವರಿಸುವ ಜಾಗ

ಎನ್‌ಎಂಸಿ ಕೊಟ್ಟ ಫಾರ್ಮ್‌ನಲ್ಲೇ ಬರೆಯಬೇಕು. ರಿಫ್ಲೆಕ್ಟಿವ್ ಬರಹದ ಫಾರ್ಮ್, ಚರ್ಚೆಯ ಫಾರ್ಮ್, ಕನ್ಫರ್ಮೇಶನ್ ಫಾರ್ಮ್ ಈ ಮೂರು ಕಡ್ಡಾಯ. ಗಂಟೆ, ಸಿಪಿಡಿ, ಅಭಿಪ್ರಾಯಗಳ ಪಟ್ಟಿಗೆ ಅವರ ಮಾದರಿಯನ್ನೇ ಬಳಸಬೇಕೆಂದಿಲ್ಲ. ಫಾರ್ಮ್‌ನಲ್ಲಿರುವುದು ನಾಲ್ಕು ಪ್ರಶ್ನೆ: ಏನಾಯಿತು ಅಥವಾ ಏನು ಕಲಿಕೆ? ಅದರಿಂದ ಏನು ತಿಳಿಯಿತು? ನಿಮ್ಮ ಕೆಲಸ ಹೇಗೆ ಬದಲಾಯಿತು? ಕೋಡ್‌ಗೆ ಇದರ ಸಂಬಂಧವೇನು?

ನಮ್ಮ ಕಡೆ ಕಲಿತವರಿಗೆ ಮೊದಲ ಪ್ರಶ್ನೆ ಸಲೀಸು. ಕೇಸ್ ಸ್ಟಡಿ ಬರೆದು ಅಭ್ಯಾಸವಿರುವುದರಿಂದ ರೋಗದ ವಿವರ, ಲಕ್ಷಣ, ಚಿಕಿತ್ಸೆ ಎಂದು ಎರಡು ಪುಟ ತುಂಬಿಸುತ್ತೇವೆ. ಮೂರನೆಯ ಪ್ರಶ್ನೆಗೆ ಬಂದಾಗ ‘ಇನ್ನು ಮುಂದೆ ಎಚ್ಚರದಿಂದ ಇರುತ್ತೇನೆ’ ಎಂದು ಒಂದು ಸಾಲು. ತಲೆಕೆಳಗಾಗಬೇಕು ಇದು. ಏನಾಯಿತು ಎಂಬುದಕ್ಕೆ ಮೂರು ಸಾಲು ಸಾಕು, ನಿಮ್ಮಲ್ಲಿ ಏನು ಬದಲಾಯಿತು ಎಂಬುದಕ್ಕೆ ಜಾಗ ಕೊಡಿ. ಇನ್ನೊಂದು ಅಂಜಿಕೆ, ತಪ್ಪನ್ನು ಬರೆದರೆ ಪಿನ್‌ಗೆ ತೊಂದರೆ ಎಂಬುದು. ತನಗೆ ಗೊತ್ತಿಲ್ಲದ್ದನ್ನು ಗುರುತಿಸಿ ತಿದ್ದಿಕೊಂಡೆ ಎಂದು ಬರೆಯುವುದು ಈ ಫಾರ್ಮ್‌ನ ಉದ್ದೇಶವೇ. ಏನೂ ಗೊತ್ತಿಲ್ಲದ್ದು ಇರಲೇ ಇಲ್ಲ ಎನ್ನುವಂತೆ ಬರೆದರೆ ಅದು ರಿಫ್ಲೆಕ್ಷನ್ ಆಗುವುದಿಲ್ಲ.

ಮೇಲಿನ ನ್ಯೂಸ್2 ತರಗತಿಯನ್ನೇ ತೆಗೆದುಕೊಳ್ಳೋಣ. ಆಕ್ಸಿಜನ್ ಹಚ್ಚಿರುವ ಸಿಒಪಿಡಿ ರೋಗಿ, ಸ್ಯಾಚುರೇಶನ್ 90. ಸಾಮಾನ್ಯ ರೋಗಿಗಳಿಗೆ ಬಳಸುವ ಸ್ಕೇಲ್ 1ರಲ್ಲಿ ಬರೆದರೆ ಅದಕ್ಕೆ 3 ಅಂಕ, ಆಕ್ಸಿಜನ್ ಇರುವುದಕ್ಕೆ 2, ಅಲ್ಲಿಗೇ 5 ಆಗಿ ತುರ್ತಾಗಿ ಡಾಕ್ಟರನ್ನು ಕರೆಯಬೇಕಾಗುತ್ತದೆ. ವೈದ್ಯರು ಸ್ಕೇಲ್ 2 ಎಂದು ನಿರ್ಧರಿಸಿ ಬರೆದಿರುವ ರೋಗಿಯಾದರೆ ಅದೇ 90ಕ್ಕೆ ಸೊನ್ನೆ, ಒಟ್ಟು 2. ಇಲ್ಲಿಯವರೆಗೆ ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ಮಗ್ಗುಲು ನೋಡಿ: ಅದೇ ರೋಗಿಗೆ ಆಕ್ಸಿಜನ್ ಜಾಸ್ತಿಯಾಗಿ ಸ್ಯಾಚುರೇಶನ್ 97ಕ್ಕೆ ಏರಿದೆ. ಸ್ಕೇಲ್ 1ರಲ್ಲಿ ಇದಕ್ಕೆ ಸೊನ್ನೆ, ಚಾರ್ಟ್ ಸುಂದರವಾಗಿ ಕಾಣುತ್ತದೆ. ಸ್ಕೇಲ್ 2ರಲ್ಲಿ 3 ಅಂಕ, ಯಾಕೆಂದರೆ ಈ ರೋಗಿಗೆ ಅಧಿಕ ಆಕ್ಸಿಜನ್ ಅಪಾಯ. ‘97 ಇದ್ದರೆ ಒಳ್ಳೆಯದೆಂದೇ ನಾನು ತಿಳಿದಿದ್ದೆ. ಈಗ ಶಿಫ್ಟ್ ಶುರುವಾದಾಗ ಪ್ರತಿ ಸಿಒಪಿಡಿ ರೋಗಿಯ ಪ್ರಿಸ್ಕ್ರಿಪ್ಷನ್‌ನಲ್ಲಿ ಗುರಿ ಎಷ್ಟೆಂದು ನೋಡುತ್ತೇನೆ, ಚಾರ್ಟ್‌ನಲ್ಲಿ ಯಾವ ಸ್ಕೇಲ್ ತುಂಬಿದ್ದಾರೆ ಎಂದು ಹೊಂದಿಸಿ ನೋಡುತ್ತೇನೆ, ಗುರಿ ಮೀರಿದ್ದರೆ ಆಕ್ಸಿಜನ್ ಇಳಿಸುವ ಬಗ್ಗೆ ಕೇಳುತ್ತೇನೆ, ಹ್ಯಾಂಡೋವರ್‌ನಲ್ಲೂ ಹೇಳುತ್ತೇನೆ.’ ಮೂರನೆಯ ಪ್ರಶ್ನೆಗೆ ಉತ್ತರ ಅಂದರೆ ಹೀಗೆ: ಕೈ ಏನು ಬೇರೆ ಮಾಡುತ್ತದೆ ಎಂಬುದು ಕಾಣಬೇಕು.

ಕೋಡ್‌ನ ನಾಲ್ಕು ಭಾಗ: ಜನರಿಗೆ ಮೊದಲ ಆದ್ಯತೆ, ಪರಿಣಾಮಕಾರಿ ಕೆಲಸ, ಸುರಕ್ಷತೆ ಕಾಪಾಡುವುದು, ವೃತ್ತಿಪರತೆ ಮತ್ತು ನಂಬಿಕೆ ಬೆಳೆಸುವುದು. ಐದು ಬರಹದಲ್ಲೂ ಸುರಕ್ಷತೆಯೊಂದನ್ನೇ ಬರೆಯುವವರು ಹೆಚ್ಚು. ನಿಯಮ ತಡೆಯದಿದ್ದರೂ ನಾಲ್ಕು ಭಾಗಗಳೂ ಎಲ್ಲಾದರೂ ಬರುವಂತೆ ನೋಡಿಕೊಂಡರೆ ಚರ್ಚೆ ಚೆನ್ನಾಗಿ ನಡೆಯುತ್ತದೆ.

ವಾಟ್ಸಾಪ್ ಗುಂಪುಗಳಲ್ಲಿ ಸಿದ್ಧ ಬರಹಗಳು ಹರಿದಾಡುತ್ತವೆ. ಅವನ್ನು ಓದಿ ರೀತಿ ತಿಳಿದುಕೊಳ್ಳಿ, ನಕಲು ಮಾಡಬೇಡಿ. ಎದುರು ಕೂತವರು ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಘೋಷಣೆ ಮಾಡಿ ನವೀಕರಿಸಿಕೊಂಡದ್ದು ಗೊತ್ತಾದರೆ ನೋಂದಣಿಗೇ ಕುತ್ತು. ಇಂಗ್ಲಿಷ್ ತಪ್ಪಿದ್ದರೂ ಚಿಂತೆಯಿಲ್ಲ, ಅನುಭವ ನಿಮ್ಮದಾಗಿರಲಿ. ಮೊದಲು ಕನ್ನಡದಲ್ಲಿ ಮೊಬೈಲ್‌ಗೆ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಬರೆದರೆ ಹಗುರಾಗುತ್ತದೆ.

ಚರ್ಚೆ ಯಾರೊಂದಿಗೆ, ಕನ್ಫರ್ಮ್ ಮಾಡುವವರು ಯಾರು

ಇವೆರಡು ಬೇರೆ ಬೇರೆ ಪಾತ್ರ. ಚರ್ಚೆಗೆ ಕೂರುವವರಿಗೆ ಎನ್‌ಎಂಸಿ ನೋಂದಣಿ ಇರಲೇಬೇಕು. ಕನ್ಸಲ್ಟೆಂಟ್ ಡಾಕ್ಟರ್ ಎಷ್ಟೇ ಹಿರಿಯರಾದರೂ ಅವರೊಂದಿಗೆ ನಡೆಸಿದ ಚರ್ಚೆ ಸಲ್ಲುವುದಿಲ್ಲ. ನಿಮ್ಮ ವಾರ್ಡಿನವರೇ ಆಗಬೇಕಿಲ್ಲ, ನಿಮಗಿಂತ ಹಿರಿಯರೂ ಆಗಬೇಕಿಲ್ಲ. ಇಬ್ಬರೇ ಎದುರುಬದುರು ಅಥವಾ ವಿಡಿಯೊ ಕರೆಯಲ್ಲಿ ಕೂತು ಐದೂ ಬರಹದ ಮೇಲೆ ಮಾತಾಡಿ, ಅವರು ಫಾರ್ಮ್‌ನಲ್ಲಿ ಪಿನ್ ನಮೂದಿಸಿ ಸಹಿ ಹಾಕುತ್ತಾರೆ.

ಕನ್ಫರ್ಮರ್ ಆಗಿ ಲೈನ್ ಮ್ಯಾನೇಜರ್ ಒಳ್ಳೆಯದು. ಅವರು ನರ್ಸ್ ಆಗಿರಬೇಕೆಂದಿಲ್ಲ. ಕೇರ್ ಹೋಮ್‌ನ ಮ್ಯಾನೇಜರ್ ನರ್ಸ್ ಅಲ್ಲದಿದ್ದರೂ ಕನ್ಫರ್ಮ್ ಮಾಡಬಹುದು; ಆಗ ಚರ್ಚೆಗೆ ಮಾತ್ರ ಬೇರೆ ನರ್ಸ್ ಬೇಕು. ಮ್ಯಾನೇಜರ್ ನರ್ಸೇ ಆಗಿದ್ದರೆ ಎರಡನ್ನೂ ಒಬ್ಬರೇ ಮಾಡಬಹುದು, ಅಪ್ರೈಸಲ್ ದಿನವೇ ಮುಗಿಸಬಹುದು. ಎರಡು ಕಡೆ ಕೆಲಸ ಮಾಡುವವರು ಹೆಚ್ಚು ಹೊತ್ತು ದುಡಿಯುವ ಕಡೆಯವರನ್ನು ಕೇಳುವುದು ಸಹಜ. ಗಂಡ, ಹೆಂಡತಿ, ಅಕ್ಕ, ಆಪ್ತ ಗೆಳತಿ ಬೇಡ. ಚರ್ಚೆ ಮೊದಲು, ಕನ್ಫರ್ಮೇಶನ್ ಆಮೇಲೆ, ಮತ್ತು ಕನ್ಫರ್ಮೇಶನ್ ಕೊನೆಯ 12 ತಿಂಗಳೊಳಗೇ ಆಗಿರಬೇಕು. ಎರಡನೇ ವರ್ಷದ ಮಧ್ಯದಲ್ಲಿ ಮುಗಿಸಿಟ್ಟುಕೊಂಡು ನಿಶ್ಚಿಂತರಾದವರು ಮತ್ತೆ ಮಾಡಬೇಕಾಗುತ್ತದೆ.

ಮ್ಯಾನೇಜರ್ ಬಳಿ ಸಮಯ ಕೇಳುವುದನ್ನು ಮುಂದೂಡಬೇಡಿ. ಗಡುವಿಗೆ ಮೂರು ತಿಂಗಳಿರುವಾಗ ಇಮೇಲ್ ಹಾಕಿ, ಒಂದು ಗಂಟೆ ಕೇಳಿ, ಫಾರ್ಮ್‌ಗಳನ್ನು ಒಂದು ವಾರ ಮೊದಲೇ ಕಳಿಸಿ. ಕಾರಿಡಾರ್‌ನಲ್ಲಿ ನಿಂತು ಸಂಕೋಚದಿಂದ ‘ಟೈಮ್ ಇದ್ದರೆ’ ಎಂದರೆ ಅವರಿಗೆ ಟೈಮ್ ಸಿಗುವುದೇ ಇಲ್ಲ. ಇದು ನಿಮ್ಮ ಕೆಲಸದ ಭಾಗ, ಉಪಕಾರ ಕೇಳುತ್ತಿಲ್ಲ.

ಅರ್ಜಿ ತುಂಬುವ ದಿನ

ಪೋರ್ಟ್‌ಫೋಲಿಯೊವನ್ನು ಅಪ್‌ಲೋಡ್ ಮಾಡುವುದಿಲ್ಲ. ಬೇಕಾಗುವುದು ಕೆಲಸದ ವಿವರ, ಘೋಷಣೆಗಳು, ಚರ್ಚೆಯ ದಿನಾಂಕ ಮತ್ತು ಚರ್ಚೆಗೆ ಕೂತವರ ಹೆಸರು, ಪಿನ್, ಇಮೇಲ್, ಕೆಲಸದ ವಿಳಾಸ; ಕನ್ಫರ್ಮರ್‌ದೂ ಹಾಗೆಯೇ. ಈ ವಿವರ ಕೇಳಿ ಬರೆದಿಟ್ಟುಕೊಂಡಿದ್ದರೆ ಅರ್ಧ ಗಂಟೆಯ ಕೆಲಸ. ಪೋಸ್ಟ್‌ಕೋಡ್ ಗೊತ್ತಿಲ್ಲದೆ ಅರ್ಧದಲ್ಲಿ ನಿಲ್ಲುವುದೇ ಹೆಚ್ಚು. ನಡತೆಯ ಘೋಷಣೆಯಲ್ಲಿ ಪೊಲೀಸ್ ಕಾಶನ್ (ಔಪಚಾರಿಕ ಎಚ್ಚರಿಕೆ), ಶಿಕ್ಷೆ ಏನಿದ್ದರೂ ಮುಚ್ಚಿಡಬೇಡಿ. ವಿಷಯಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ. ಎನ್‌ಎಚ್‌ಎಸ್‌ನಲ್ಲಿ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ) ಇರುವವರಿಗೆ ಇಂಡೆಮ್ನಿಟಿ ಕೆಲಸದಾತರ ಮೂಲಕವೇ ಇರುತ್ತದೆ. ಸ್ವಂತವಾಗಿ ಸೇವೆ ಕೊಡುವವರು ತಾವೇ ಮಾಡಿಸಿರಬೇಕು.

ಅರ್ಜಿ ಸಲ್ಲಿಸಿದರಷ್ಟೇ ಸಾಲದು, ವಾರ್ಷಿಕ ಶುಲ್ಕವೂ ಕಟ್ಟಿರಬೇಕು. ಡೈರೆಕ್ಟ್ ಡೆಬಿಟ್ ಇದೆ ಎಂದು ನೆಮ್ಮದಿಯಾಗಿದ್ದು, ಬ್ಯಾಂಕ್ ಬದಲಾಯಿಸಿದ್ದು ಮರೆತಿದ್ದರೆ ಎಲ್ಲ ಸರಿಯಿದ್ದೂ ನೋಂದಣಿ ತಪ್ಪುತ್ತದೆ. ಕಟ್ಟಿದ ಶುಲ್ಕದ ಮೇಲೆ ಆದಾಯ ತೆರಿಗೆ ರಿಯಾಯಿತಿಯನ್ನು ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಲ್ಲಿ ಕೇಳಬಹುದು, ಹಿಂದಿನ ನಾಲ್ಕು ವರ್ಷದ್ದೂ ಸೇರಿ. ಮಧ್ಯವರ್ತಿಗೆ ಕಮಿಷನ್ ಕೊಡಬೇಕಿಲ್ಲ, ಸರ್ಕಾರದ ಜಾಲತಾಣದಲ್ಲೇ ಆಗುತ್ತದೆ.

ಸಲ್ಲಿಸಿದವರಲ್ಲಿ ಕೆಲವರನ್ನು ಪರಿಶೀಲನೆಗೆ ಆರಿಸುತ್ತಾರೆ. ಆರಿಸಿದ್ದಾರೆಂದರೆ ನಿಮ್ಮ ಮೇಲೆ ಅನುಮಾನ ಎಂದಲ್ಲ. ಇಮೇಲ್ ಬಂದರೆ ಕೇಳಿದ ವಿವರ ತಡಮಾಡದೆ ಕೊಡಿ. ಪರಿಶೀಲನೆ ನಡೆಯುವಾಗಲೂ ಕೆಲಸ ಮುಂದುವರಿಸಬಹುದು. ಕನ್ಫರ್ಮರ್‌ಗೂ ಇಮೇಲ್ ಹೋಗಬಹುದೆಂದು ಅವರಿಗೆ ಮೊದಲೇ ತಿಳಿಸಿ, ಜಂಕ್ ಎಂದು ಅಳಿಸಿಬಿಟ್ಟಾರು.

ಎಡವಟ್ಟಾದರೆ

ಅನಾರೋಗ್ಯ, ಮನೆಯಲ್ಲಿ ಸಾವುನೋವು, ಊರಿಗೆ ತುರ್ತಾಗಿ ಹೋಗಬೇಕಾದದ್ದು ಇಂಥ ಕಾರಣಕ್ಕೆ ಗಡುವು ತಪ್ಪುವಂತಿದ್ದರೆ ಗಡುವಿಗೆ ಮೊದಲೇ ಎನ್‌ಎಂಸಿಯನ್ನು ಸಂಪರ್ಕಿಸಿ ಸಮಯ ಕೇಳಿ. ಅಂಗವೈಕಲ್ಯ ಇರುವವರಿಗೆ ಬೇರೆ ಹೊಂದಾಣಿಕೆಗಳೂ ಇವೆ. ಗಡುವು ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ನೋಂದಣಿ ತಪ್ಪಿಹೋದರೆ ಮರುಸೇರ್ಪಡೆಗೆ ಅರ್ಜಿ ಹಾಕಬೇಕು, ಅದು ಮುಗಿಯಲು ವಾರಗಳೇ ಹಿಡಿಯುತ್ತವೆ. ಆ ವಾರಗಳಲ್ಲಿ ನರ್ಸ್ ಆಗಿ ಒಂದು ಶಿಫ್ಟ್ ಕೂಡ ಮಾಡಬಾರದು. ಮ್ಯಾನೇಜರ್‌ಗೆ ಅದೇ ದಿನ ತಿಳಿಸಿ. ವೀಸಾ ಕೆಲಸದ ಮೇಲೆ ನಿಂತಿರುವವರು ಎಚ್‌ಆರ್ ವಿಭಾಗದೊಂದಿಗೂ ಅಂದೇ ಮಾತಾಡಬೇಕು. 450 ಗಂಟೆಯೇ ಆಗಿಲ್ಲದವರಿಗೆ ರಿಟರ್ನ್ ಟು ಪ್ರಾಕ್ಟೀಸ್ ಕೋರ್ಸ್ (ವೃತ್ತಿಗೆ ಮರಳುವವರ ತರಬೇತಿ) ಅಥವಾ ಟೆಸ್ಟ್ ಆಫ್ ಕಾಂಪಿಟೆನ್ಸ್ (ಸಾಮರ್ಥ್ಯ ಪರೀಕ್ಷೆ) ದಾರಿಯಿದೆ.

ನವೀಕರಣವಾದ ಮೇಲೆ ಹಳೆಯ ಪೋರ್ಟ್‌ಫೋಲಿಯೊ ಬಿಸಾಡಬೇಡಿ, ಮುಂದಿನ ರೀವ್ಯಾಲಿಡೇಶನ್ ಮುಗಿಯುವ ತನಕ ಇರಲಿ. ಹೊಸ ಅವಧಿಗೆ ಹೊಸ ಫೋಲ್ಡರ್ ಮಾಡಿ, ಮೊದಲ ಸಿಪಿಡಿ ಹಾಳೆಯನ್ನು ಆ ತಿಂಗಳಲ್ಲೇ ತುಂಬಿಸಿ. ಟೀಚಿಂಗ್ ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲೇ ಬರೆದರೆ ದಿನಾಂಕ, ಗಂಟೆ, ಹೇಳಿದವರ ಹೆಸರು ಎಲ್ಲ ನೆನಪಿರುತ್ತದೆ.